ಗ್ರೇಟ್ ಓಷನ್ ರೋಡ್: ಒಂದೇ ದಿನಕ್ಕೆ ಮುಗಿಸಬೇಕಾ, ಉಳಿದುಕೊಂಡು ಹೋಗಬೇಕಾ?

ಹಿಂದಿನ_ಸೀಟು

ಎಲ್ಲರಿಗೂ ನಮಸ್ಕಾರ. ಮಾರ್ಚ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಮೆಲ್ಬರ್ನ್‌ಗೆ ಹೋಗುತ್ತಿದ್ದೇನೆ. ತಮ್ಮ ಅಲ್ಲೇ ಕೆಲಸದಲ್ಲಿದ್ದಾನೆ, ಅವನಿಗೆ ರಜೆ ಸಿಗುವುದಿಲ್ಲ. ಅಲ್ಲಿಗೆ ಹತ್ತಿರದ ಕಡಲತೀರದ ರಸ್ತೆ ಗ್ರೇಟ್ ಓಷನ್ ರೋಡ್ ನೋಡಬೇಕು ಅಂದಿದ್ದಕ್ಕೆ "ಟೂರ್ ಬಸ್ ಹತ್ತಿಸ್ತೀನಿ, ಬೆಳಗ್ಗೆ ಏಳಕ್ಕೆ ಹೊರಟರೆ ರಾತ್ರಿ ಊಟಕ್ಕೆ ಮನೆಗೆ ಬರ್ತೀರಿ" ಅಂದ. ನನಗೆ ಯಾಕೋ ಮನಸ್ಸು ಬರುತ್ತಿಲ್ಲ. ಅಪ್ಪ ಸಮುದ್ರದ ಮುಂದೆ ಕೂತರೆ ಏಳುವವರಲ್ಲ. ಅಮ್ಮನಿಗೆ ತಿರುವಿನ ರಸ್ತೆ ಅಂದರೆ ಆಗುವುದಿಲ್ಲ, ಆಗುಂಬೆ ಘಾಟಿಯಲ್ಲಿ ನಿಂಬೆಹಣ್ಣು ಮೂಗಿಗೆ ಹಿಡಿದುಕೊಂಡೇ ಕೂರುತ್ತಾರೆ.

ಬಾಡಿಗೆ ಕಾರು ತೆಗೆದುಕೊಂಡು, ಮಧ್ಯೆ ಎಲ್ಲಾದರೂ ಉಳಿದುಕೊಂಡು ಹೋಗಬಹುದಾ? ಕರ್ನಾಟಕದ ಲೈಸೆನ್ಸ್ ನಡೆಯುತ್ತಾ? ನಾವು ಸಸ್ಯಾಹಾರಿಗಳು, ದಾರಿಯಲ್ಲಿ ಏನಾದರೂ ಸಿಗುತ್ತಾ? ಹೋಗಿಬಂದವರು ಹೇಳಿ.

ತೆಂಕಣ_ಗಾಳಿ

ನಾನಿರುವುದು ಜೀಲಾಂಗ್‌ನಲ್ಲಿ. ಈ ರಸ್ತೆ ಶುರುವಾಗುವ ಟಾರ್ಕಿ ನಮ್ಮ ಮನೆಯಿಂದ ಅರ್ಧ ಗಂಟೆಯೂ ಇಲ್ಲ. ಊರಿಂದ ಬಂದ ನೆಂಟರನ್ನೆಲ್ಲ ಇಲ್ಲಿಗೆ ಕರೆದುಕೊಂಡು ಹೋಗುವುದೇ ನನ್ನ ವಾರಾಂತ್ಯದ ಕೆಲಸ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಕ್ಷೆ ನೋಡಿ. ಟಾರ್ಕಿಯಿಂದ ಅಲನ್ಸ್‌ಫರ್ಡ್‌ವರೆಗೆ ರಸ್ತೆ ಸುಮಾರು 240 ಕಿಲೋಮೀಟರ್. ಮೆಲ್ಬರ್ನ್‌ನಿಂದ ಟಾರ್ಕಿಗೆ ಇನ್ನೊಂದು 100. ಟೂರ್ ಬಸ್ ಕರಾವಳಿಯಲ್ಲಿ ಹೋಗಿ, ಟ್ವೆಲ್ವ್ ಅಪಾಸಲ್ಸ್ (ದಡದ ಪಕ್ಕ ಸಮುದ್ರದಲ್ಲಿ ನಿಂತಿರುವ ಕಲ್ಲಿನ ಕಂಬಗಳು) ತೋರಿಸಿ, ಕೊಲಾಕ್ ಮೇಲಿನ ಒಳನಾಡಿನ ಹೆದ್ದಾರಿಯಲ್ಲಿ ವಾಪಸ್ ಬರುತ್ತದೆ. ಒಟ್ಟು 500 ಕಿಲೋಮೀಟರ್ ಆಸುಪಾಸು. ದಿನದ ಜಾಸ್ತಿ ಹೊತ್ತು ಸೀಟಿನಲ್ಲೇ ಕಳೆಯುತ್ತೀರಿ. ನಿಮ್ಮ ಅಪ್ಪನಂಥವರಿಗೆ ಇದು ಹಿಂಸೆ.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಇಡೀ ರಸ್ತೆ ಸಮುದ್ರದ ಪಕ್ಕದಲ್ಲಿ ಹೋಗುವುದಿಲ್ಲ. ಏರೀಸ್ ಇನ್ಲೆಟ್ ದಾಟಿದ ಮೇಲೆ ಈಸ್ಟರ್ನ್ ವ್ಯೂ, ಲೋರ್ನ್, ವೈ ರಿವರ್, ಕೆನೆಟ್ ರಿವರ್, ಅಪೋಲೋ ಬೇ. ಇಷ್ಟು ದೂರ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ನೀರು. ಫೋಟೋದಲ್ಲಿ ನೋಡುವ ರಸ್ತೆ ಇದೇ. ಅಪೋಲೋ ಬೇ ಆದಮೇಲೆ ರಸ್ತೆ ಸಮುದ್ರ ಬಿಟ್ಟು ಓಟ್‌ವೇ ಕಾಡಿಗೆ ನುಗ್ಗುತ್ತದೆ. ಲೇವರ್ಸ್ ಹಿಲ್ ಹತ್ತಿ ಇಳಿದು ಪ್ರಿನ್ಸ್‌ಟೌನ್ ಹತ್ತಿರ ಮತ್ತೆ ದಡಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಬಂಡೆಯ ನೆತ್ತಿಯ ಬಯಲು. ಕಾರಿನಿಂದ ಸಮುದ್ರ ಅಷ್ಟಾಗಿ ಕಾಣುವುದಿಲ್ಲ. ಇಳಿದು ನಡೆದು ಹೋಗಿ ನೋಡಬೇಕು.

ಅಂದರೆ ರಸ್ತೆಯ ಮಜಾ ಪೂರ್ವದ ಅರ್ಧದಲ್ಲಿ, ಕಲ್ಲಿನ ಕಂಬಗಳ ಮಜಾ ಪಶ್ಚಿಮದ ಅರ್ಧದಲ್ಲಿ. ಜನ ಕಂಬ ನೋಡುವ ಅವಸರದಲ್ಲಿ ರಸ್ತೆಯನ್ನೇ ಬಿಟ್ಟುಬಿಡುತ್ತಾರೆ. ಒಂದು ರಾತ್ರಿ ಅಪೋಲೋ ಬೇ, ಇನ್ನೊಂದು ರಾತ್ರಿ ಪೋರ್ಟ್ ಕ್ಯಾಂಬೆಲ್ ಇಟ್ಟುಕೊಳ್ಳಿ. ಅದಕ್ಕಿಂತ ಕಡಿಮೆ ಆದರೆ ನಿಧಾನ ಅನ್ನುವ ಮಾತು ಬರುವುದಿಲ್ಲ.

ಅರ್ಧ_ಟೀ

ಸ್ವಲ್ಪ ತಕರಾರು. ನಾವು ಒಂದೇ ದಿನದಲ್ಲಿ ಮುಗಿಸಿದ್ದೇವೆ, ಏನೂ ಕಳೆದುಕೊಂಡ ಹಾಗೆ ಅನಿಸಲಿಲ್ಲ. ಬೆಳಗ್ಗೆ ಕತ್ತಲಲ್ಲೇ ಹೊರಟು ಒಳನಾಡಿನ ದಾರಿಯಲ್ಲಿ ನೇರ ಅಪಾಸಲ್ಸ್‌ಗೆ ಹೋಗಿ. ಬಸ್ಸುಗಳು ಬರುವುದು ಮಧ್ಯಾಹ್ನದ ಮೇಲೆ. ಬೆಳಗ್ಗೆ ಅಲ್ಲಿ ಜನವೇ ಇರುವುದಿಲ್ಲ. ಆಮೇಲೆ ಕರಾವಳಿಯಲ್ಲಿ ನಿಂತು ನಿಂತು ವಾಪಸ್ ಬನ್ನಿ. ಎರಡು ರಾತ್ರಿಯ ಹೋಟೆಲ್ ದುಡ್ಡು ಉಳಿಯುತ್ತದೆ. ಆಸ್ಟ್ರೇಲಿಯಾದಲ್ಲಿ ಅದೇನು ಸಣ್ಣ ದುಡ್ಡಾ?

ಸ್ಟೀರಿಂಗ್_ಸುಬ್ಬ

ಉಲ್ಟಾ ದಾರಿಯಲ್ಲಿ ಒಂದು ನಷ್ಟ ಇದೆ. ಆಸ್ಟ್ರೇಲಿಯಾದಲ್ಲೂ ನಮ್ಮ ಹಾಗೇ ಎಡಬದಿ ಚಾಲನೆ. ಸಮುದ್ರ ಇರುವುದು ದಕ್ಷಿಣಕ್ಕೆ. ಪೂರ್ವದಿಂದ ಪಶ್ಚಿಮಕ್ಕೆ ಹೋದರೆ ನಿಮ್ಮ ಲೇನ್ ಸಮುದ್ರದ ಕಡೆಗೇ ಬೀಳುತ್ತದೆ. ಎಡಗಡೆ ಕೂತವರಿಗೆ ಮತ್ತು ನೀರಿಗೆ ಮಧ್ಯೆ ಇನ್ನೊಂದು ಗಾಡಿ ಇರುವುದಿಲ್ಲ. ನೋಟದ ತಾಣ ಸಿಕ್ಕಿದಲ್ಲಿ ಸುಮ್ನೆ ಎಡಕ್ಕೆ ತಿರುಗಿಸಿ ನಿಲ್ಲಿಸಬಹುದು. ವಾಪಸ್ ಬರುವಾಗ ಪ್ರತಿ ಸಲವೂ ಎದುರು ಬರುವ ಗಾಡಿ ಕಾದು, ಬಲಕ್ಕೆ ಅಡ್ಡ ದಾಟಬೇಕು. ತಿರುವಿನಲ್ಲಿ ಅದು ತಲೆನೋವು. ಕೊನೆಗೆ "ಮುಂದಿನದರಲ್ಲಿ ನಿಲ್ಲಿಸೋಣ" ಅಂತ ಹೇಳಿಕೊಂಡೇ ಲೋರ್ನ್ ಬಂದುಬಿಡುತ್ತದೆ.

ಲೈಸೆನ್ಸ್ ವಿಷಯ. ನಮ್ಮ ಕಾರ್ಡ್‌ನಲ್ಲಿ ಇಂಗ್ಲಿಷ್ ಇರುವುದರಿಂದ ಪ್ರವಾಸಿಗರಾಗಿ ಹೋದವರು ವಿಕ್ಟೋರಿಯಾದಲ್ಲಿ (ಮೆಲ್ಬರ್ನ್ ಇರುವ ರಾಜ್ಯ) ಅದರಲ್ಲೇ ಓಡಿಸಬಹುದು. ಆದರೂ ಆರ್‌ಟಿಓದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡು ಹೋಗಿ. ಒಂದು ವರ್ಷ ನಡೆಯುತ್ತದೆ. ಬಾಡಿಗೆ ಕೌಂಟರ್‌ನಲ್ಲಿ ಕೂತವರು ಕೇಳಿದರೆ ವಾದ ಮಾಡುತ್ತಾ ನಿಲ್ಲಬೇಕಾಗಿಲ್ಲ. ಪರ್ಮಿಟ್ ಜೊತೆ ಮೂಲ ಕಾರ್ಡ್ ಇರಲೇಬೇಕು.

ತಮ್ಮನ ಮನೆ ಎಲ್ಲಿ ಅಂತ ಗೊತ್ತಿಲ್ಲ. ವಿಮಾನ ನಿಲ್ದಾಣದಿಂದಲೇ ಕಾರು ತೆಗೆದುಕೊಂಡರೆ ಎಂ80 ವರ್ತುಲ ರಸ್ತೆ ಹಿಡಿದು ಜೀಲಾಂಗ್ ಕಡೆ ಹೋಗಿ, ಟೋಲ್ ಬರುವುದಿಲ್ಲ. ಊರೊಳಗಿನ ಸಿಟಿಲಿಂಕ್‌ನಲ್ಲಿ ಟೋಲ್ ಕಟ್ಟಲು ಗೇಟೇ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ಬಾಡಿಗೆ ಕೊಟ್ಟವರು ಆಮೇಲೆ ತಮ್ಮ ಶುಲ್ಕವನ್ನೂ ಸೇರಿಸಿ ಬಿಲ್ ಕಳಿಸುತ್ತಾರೆ.

ವೇಗದ ಬಗ್ಗೆ: ಕರಾವಳಿ ಭಾಗದಲ್ಲಿ ಹೆಚ್ಚೆಂದರೆ 80, ಊರೊಳಗೆ 50-60. ತಿರುವಿನಲ್ಲಿ 80 ಹೋಗಲು ಆಗುವುದೂ ಇಲ್ಲ. ಹಿಂದೆ ಗಾಡಿ ಸಾಲು ಕಟ್ಟಿದರೆ, ನಿಧಾನ ಹೋಗುವವರಿಗೆ ಅಂತಲೇ ಪಕ್ಕಕ್ಕೆ ಸರಿಯುವ ಜಾಗ ಮಾಡಿದ್ದಾರೆ. ಅಲ್ಲಿ ಸರಿದು ದಾರಿ ಬಿಡಿ. ಹಾರ್ನ್ ಯಾರೂ ಹೊಡೆಯುವುದಿಲ್ಲ, ಹಾಗಂತ ಹಿಂದಿನವರಿಗೆ ಸಿಟ್ಟು ಬಂದಿಲ್ಲ ಅಂತ ಅಲ್ಲ. ರೌಂಡಬೌಟ್‌ನಲ್ಲಿ ಒಳಗೆ ಸುತ್ತುತ್ತಿರುವ ಗಾಡಿಗೆ ದಾರಿ ಬಿಡಲೇಬೇಕು. ನಮ್ಮೂರಿನ ಹಾಗೆ ಮೂತಿ ತೂರಿಸಿದರೆ ಕಷ್ಟ.

ಹಿಂದಿನ_ಸೀಟು

ಎಡಬದಿಯ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಅಪ್ಪನಿಗೆ ಮುಂದಿನ ಸೀಟು, ಅಲ್ವಾ? ಅಮ್ಮನದು ಏನು ಮಾಡಲಿ?

ನೀಲಗಿರಿ_ಅಜ್ಜಿ

ಅಮ್ಮನನ್ನು ಮುಂದೆ ಕೂರಿಸಿ ಮಗಾ. ಹಿಂದೆ ಕೂತರೆ ಲೋರ್ನ್‌ನಿಂದ ಅಪೋಲೋ ಬೇವರೆಗೆ ನಿಂಬೆಹಣ್ಣಿಗೂ ಜಗ್ಗುವುದಿಲ್ಲ. ಅಪ್ಪ ಹಿಂದೆ ಎಡಗಡೆ ಕೂತರೆ ಅವರಿಗೂ ಸಮುದ್ರ ಕಾಣುತ್ತದೆ. ಖಾಲಿ ಹೊಟ್ಟೆಯಲ್ಲೂ ಬೇಡ, ತುಂಬಿದ ಹೊಟ್ಟೆಯಲ್ಲೂ ಬೇಡ. ನನ್ನ ಮಗಳ ಮನೆ ಮೆಲ್ಬರ್ನ್‌ನಲ್ಲಿ. ಅವಳು ಕಿಟಕಿ ಇಳಿಸಿ, ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿಕೊಂಡು ಹೋದಳು, ನನಗೆ ಏನೂ ಆಗಲಿಲ್ಲ. ಬಸ್‌ನಲ್ಲಿ ಹೋದ ನಮ್ಮ ಬೀಗಿತ್ತಿಯ ಕತೆ ಬೇರೆ. ಅದನ್ನು ಇಲ್ಲಿ ಬರೆಯುವುದು ಬೇಡ.

ಚಕ್ಕುಲಿ_ಡಬ್ಬ

ಊಟದ ವಿಷಯ ನಾನು ಹೇಳುತ್ತೇನೆ. ಲೋರ್ನ್, ಅಪೋಲೋ ಬೇ ಎರಡೂ ಕಡೆ ಕೆಫೆಗಳಿವೆ, ಸಸ್ಯಾಹಾರಿ ಬರ್ಗರ್, ಟೋಸ್ಟ್, ಪಿಜ್ಜಾ ಸಿಗುತ್ತದೆ. ಚಿಪ್ಸ್ ಅಂಗಡಿಯಲ್ಲಿ ಪೊಟ್ಯಾಟೊ ಕೇಕ್ ಅಂತ ಕೊಡುತ್ತಾರೆ. ಹೆಸರು ನೋಡಿ ಏನೋ ಅಂದುಕೊಳ್ಳಬೇಡಿ, ನಮ್ಮ ಆಲೂಗಡ್ಡೆ ಬಜ್ಜಿಯೇ. ಆದರೆ ಮೀನು ಕರಿದ ಎಣ್ಣೆಯಲ್ಲೇ ಕರಿಯುವ ಅಂಗಡಿಗಳಿವೆ, ಮಡಿ ಇರುವವರು ಮೊದಲೇ ಕೇಳಿ. ಸಣ್ಣ ಊರುಗಳಲ್ಲಿ ಅಡುಗೆಮನೆ ಬೇಗ ಮುಚ್ಚುತ್ತಾರೆ. ರಾತ್ರಿ ಒಂಬತ್ತಕ್ಕೆ ಊಟ ಹುಡುಕುವ ಅಭ್ಯಾಸ ಬಿಟ್ಟು ಬನ್ನಿ.

ಎಲ್ಲಕ್ಕಿಂತ ಒಳ್ಳೆಯದು ಹಾಲಿಡೇ ಪಾರ್ಕ್‌ನ ಕ್ಯಾಬಿನ್. ಹೋಟೆಲ್ ರೂಮಿಗಿಂತ ಸಾಮಾನ್ಯವಾಗಿ ಅಗ್ಗ. ಒಲೆ, ಪಾತ್ರೆ, ಫ್ರಿಜ್ ಎಲ್ಲ ಇರುತ್ತದೆ. ತಮ್ಮನ ಮನೆಯಿಂದ ಸಣ್ಣ ಕುಕ್ಕರ್, ಅಕ್ಕಿ, ತೊಗರಿಬೇಳೆ, ಸಾರಿನಪುಡಿ ಹಾಕಿಕೊಂಡು ಹೊರಡಿ. ಕಡಲ ದಡದಲ್ಲಿ ಪುಳಿಯೋಗರೆ ತಿನ್ನುವ ಸುಖವನ್ನು ಯಾವ ಕೆಫೆಯೂ ಕೊಡುವುದಿಲ್ಲ.

ಇಲ್ಲಿಂದ ತಿಂಡಿ ಒಯ್ಯುವುದಾದರೆ ವಿಮಾನದಲ್ಲಿ ಕೊಡುವ ಕಾರ್ಡ್‌ನಲ್ಲಿ ತಿನ್ನುವ ಪದಾರ್ಥ ಇದೆ ಅಂತ ಬರೆದುಬಿಡಿ. ಬರೆದರೆ ನೋಡಿ ಬಿಡುತ್ತಾರೆ, ಬೇಡ ಅನಿಸಿದ್ದನ್ನು ತೆಗೆದಿಟ್ಟುಕೊಳ್ಳುತ್ತಾರೆ, ಅಷ್ಟೇ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದೊಡ್ಡ ದಂಡ.

ಹಳೇ_ನಕ್ಷೆ

ಈಸ್ಟರ್ನ್ ವ್ಯೂ ಹತ್ತಿರ ರಸ್ತೆಗೆ ಅಡ್ಡಲಾಗಿ ಮರದ ಕಮಾನು ಬರುತ್ತದೆ. ಎಲ್ಲರೂ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಅದು ಯಾಕಿದೆ ಅಂತ ಗೊತ್ತಿದ್ದರೆ ಮುಂದಿನ ದಾರಿಯನ್ನು ನೋಡುವ ಕಣ್ಣೇ ಬೇರೆ ಆಗುತ್ತದೆ.

ಮೊದಲ ಮಹಾಯುದ್ಧ ಮುಗಿಸಿ ವಾಪಸ್ ಬಂದ ಸೈನಿಕರಿಗೆ ಕೆಲಸ ಬೇಕಿತ್ತು. ಸತ್ತವರಿಗೆ ಒಂದು ಸ್ಮಾರಕವೂ ಬೇಕಿತ್ತು. ಎರಡನ್ನೂ ಸೇರಿಸಿ 1919ರಲ್ಲಿ ಈ ರಸ್ತೆ ಶುರು ಮಾಡಿದರು. ಸುಮಾರು 3,000 ಮಂದಿ ಮಾಜಿ ಸೈನಿಕರು ದುಡಿದರು. ದೊಡ್ಡ ಯಂತ್ರ ಇಲ್ಲ. ಗುದ್ದಲಿ, ಪಿಕಾಸಿ, ಸಿಡಿಮದ್ದು. ದಿನಕ್ಕೆ ಎಂಟು ಗಂಟೆ ಕೆಲಸ, ಸಂಬಳ ಹತ್ತೂವರೆ ಶಿಲಿಂಗ್. ಡೇರೆಯಲ್ಲಿ ವಾಸ. ಈಸ್ಟರ್ನ್ ವ್ಯೂದಿಂದ ಲೋರ್ನ್‌ವರೆಗಿನ ತುಂಡು 1922ರ ಮಾರ್ಚ್‌ನಲ್ಲಿ ತೆರೆಯಿತು. ಪೂರ್ತಿ ರಸ್ತೆ ಮುಗಿದದ್ದು 1932ರ ನವೆಂಬರ್‌ನಲ್ಲಿ. ಇದಕ್ಕಾಗಿ ಹಣ ಕೂಡಿಸಿದ ಜೀಲಾಂಗ್ ಮೇಯರ್ ಹೋವರ್ಡ್ ಹಿಚ್‌ಕಾಕ್ ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು, ಉದ್ಘಾಟನೆ ನೋಡಲಿಲ್ಲ. 1936ರಲ್ಲಿ ಸರ್ಕಾರಕ್ಕೆ ಒಪ್ಪಿಸುವವರೆಗೂ ಇಲ್ಲಿ ಸುಂಕ ವಸೂಲಿ ಇತ್ತು. ಈಗಿನ ಕಮಾನು ಮೊದಲಿನದಲ್ಲ. ಹಿಂದಿನದು 1983ರ ಆ್ಯಶ್ ವೆಡ್‌ನೆಸ್‌ಡೇ ಕಾಳ್ಗಿಚ್ಚಿನಲ್ಲಿ ಸುಟ್ಟುಹೋಯಿತು.

ನನಗೆ ಇಷ್ಟವಾದ ಕತೆ 1924ರದು. ಕೆಸಿನೋ ಅನ್ನುವ ಸ್ಟೀಮರ್ ಕೇಪ್ ಪ್ಯಾಟನ್ ಹತ್ತಿರ ಬಂಡೆಗೆ ತಗುಲಿ ಸಿಕ್ಕಿಕೊಂಡಿತು. ಭಾರ ಇಳಿಸಲು 500 ಪೀಪಾಯಿ ಬಿಯರು, 120 ಪೆಟ್ಟಿಗೆ ಮದ್ಯ ಸಮುದ್ರಕ್ಕೆ ಎಸೆದರು. ಅದೆಲ್ಲ ರಸ್ತೆ ಕೆಲಸದವರ ಕೈಗೆ ಸಿಕ್ಕಿತು. ಎರಡು ವಾರ ಕೆಲಸ ಬಂದ್!

ಅರ್ಧ_ಟೀ

ಇದನ್ನು ನಮ್ಮ ಬಸ್‌ನ ಗೈಡ್ ಹೇಳಲೇ ಇಲ್ಲ 😄

ಮರವಂತೆ_ಮಗಳು

ಸಮುದ್ರದ ಪಕ್ಕದ ರಸ್ತೆ ನೋಡಲು ಅಷ್ಟು ದೂರ ಯಾಕೆ? ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಅರಬ್ಬಿ ಸಮುದ್ರ. ಸುಮ್ನೆ ಹೇಳಿದೆ, ಬೈಯಬೇಡಿ.

ತೆಂಕಣ_ಗಾಳಿ

@ಮರವಂತೆ_ಮಗಳು ಬೈಯುವುದೇನು ಬಂತು, ನನಗೂ ಅದೇ ಮೊದಲು. ಆದರೆ ಅಲ್ಲಿ ರಸ್ತೆ ಮರಳಿನ ಮಟ್ಟದಲ್ಲೇ ಹೋಗುತ್ತದೆ, ನೋಡುವಷ್ಟರಲ್ಲಿ ಮುಗಿಯುತ್ತದೆ. ಇಲ್ಲಿ ಬೆಟ್ಟದ ಸೊಂಟವನ್ನು ಕಡಿದು ಮಾಡಿದ್ದಾರೆ. ನೀರು ಕೆಳಗೆ, ನೀವು ಮೇಲೆ, ಅದೂ ಗಂಟೆಗಟ್ಟಲೆ. ನೀರಿನ ಬಣ್ಣವೂ ಬೇರೆ. ನೀರಿಗೆ ಕಾಲಿಟ್ಟರೆ ಮಾರ್ಚ್‌ನಲ್ಲೂ ಜುಂ ಅನ್ನುತ್ತದೆ.

ಕಾಲಿಡುವ ಮಾತು ಬಂತು, ಅದಕ್ಕೇ ಹೇಳುತ್ತೇನೆ. ಇಲ್ಲಿನ ಸೆಳೆತ ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಕೆಂಪು ಹಳದಿ ಬಾವುಟ ನೆಟ್ಟಿರುವ ಜಾಗದ ಮಧ್ಯೆ ಮಾತ್ರ ಇಳಿಯಿರಿ. ಬಾವುಟ ಇಲ್ಲ ಅಂದರೆ ಮೊಣಕಾಲು ಒದ್ದೆ ಮಾಡಿಕೊಳ್ಳುವುದೂ ಬೇಡ. ತುರ್ತಿಗೆ ನಂಬರ್ 000.

ನಿಲ್ಲಲೇಬೇಕಾದ ಜಾಗಗಳು, ನನ್ನ ಲೆಕ್ಕದಲ್ಲಿ: ಬೆಲ್ಸ್ ಬೀಚ್‌ನ ಮೇಲಿನ ಕಟ್ಟೆ, ಸರ್ಫಿಂಗ್ ಮಾಡುವವರನ್ನು ನೋಡುತ್ತಾ ಕೂರಲು. ಏರೀಸ್ ಇನ್ಲೆಟ್‌ನ ಬಿಳಿ ಲೈಟ್‌ಹೌಸ್, 1891ರದು. ಲೋರ್ನ್ ಮೇಲಿರುವ ಟೆಡ್ಡೀಸ್ ಲುಕೌಟ್. ಇಲ್ಲಿಗೆ ಮುಖ್ಯ ರಸ್ತೆ ಬಿಟ್ಟು ಹತ್ತಬೇಕು, ಅದಕ್ಕೇ ತುಂಬಾ ಜನ ತಪ್ಪಿಸಿಕೊಳ್ಳುತ್ತಾರೆ. ಕೆಳಗೆ ರಸ್ತೆ ಬೆಟ್ಟ ಸುತ್ತುವುದು ಪೂರ್ತಿ ಕಾಣುವುದು ಅಲ್ಲಿಂದಲೇ. ಕೆನೆಟ್ ರಿವರ್‌ನಲ್ಲಿ ಗ್ರೇ ರಿವರ್ ರಸ್ತೆಗೆ ತಿರುಗಿ, ನೀಲಗಿರಿ ಮರಗಳ ಕವಲು ನೋಡುತ್ತಾ ನಡೆಯಿರಿ. ಕೋವಾಲ ದಿನದಲ್ಲಿ ಇಪ್ಪತ್ತು ಗಂಟೆ ನಿದ್ದೆ ಮಾಡುತ್ತದೆ, ಹಾಗಾಗಿ ಓಡಿಹೋಗುವ ಭಯ ಇಲ್ಲ. ಹಕ್ಕಿಗಳಿಗೆ ಕಾಳು ಹಾಕಬೇಡಿ.

ಅಪೋಲೋ ಬೇ ಆದಮೇಲೆ ಮೇಟ್ಸ್ ರೆಸ್ಟ್. ಮರದ ಹಲಗೆಯ ದಾರಿ, ಮನುಷ್ಯನಿಗಿಂತ ಎತ್ತರದ ಜರೀಗಿಡ, ಅರ್ಧ ಗಂಟೆಯಲ್ಲಿ ಸುತ್ತಿ ಬರಬಹುದು. ನಿಮ್ಮ ಅಮ್ಮನಿಗೂ ಕಷ್ಟ ಆಗುವುದಿಲ್ಲ. ಕೇಪ್ ಓಟ್‌ವೇ ಲೈಟ್‌ಹೌಸ್ 1848ರದು, ಆಸ್ಟ್ರೇಲಿಯಾದ ಮುಖ್ಯ ಭೂಭಾಗದಲ್ಲಿ ಉಳಿದಿರುವುದರಲ್ಲಿ ಅತಿ ಹಳೆಯದು. ಟಿಕೆಟ್ ಇದೆ, ರಸ್ತೆ ಬಿಟ್ಟು 12 ಕಿಲೋಮೀಟರ್ ಒಳಗೆ. ಸಮಯ ಇದ್ದರೆ ಹೋಗಿ.

ಈ ಇಡೀ ದಡ ಮೂಲನಿವಾಸಿಗಳದು, ಪೂರ್ವದಲ್ಲಿ ವಡಾವುರಂಗ್, ಪಶ್ಚಿಮಕ್ಕೆ ಈಸ್ಟರ್ನ್ ಮಾರ್. ಈಗ ದಾರಿಯ ಫಲಕಗಳಲ್ಲಿ ಅವರ ಹೆಸರು ಕಾಣಿಸುತ್ತದೆ.

ಕಲ್ಲು_ಮಣ್ಣು

ಅಪಾಸಲ್ಸ್ ಹನ್ನೆರಡು ಇಲ್ಲ, ಎಣಿಸಿ ಬೇಜಾರಾಗಬೇಡಿ. ಯಾವತ್ತೂ ಹನ್ನೆರಡು ಇರಲಿಲ್ಲ. ಮೊದಲು ಆ ಜಾಗಕ್ಕೆ 'ಹಂದಿ ಮತ್ತು ಮರಿಗಳು' ಅನ್ನುವ ಹೆಸರಿತ್ತು. ಪ್ರವಾಸಿಗರಿಗೆ ಒಳ್ಳೆಯ ಹೆಸರು ಬೇಕು ಅಂತ ಆಮೇಲೆ ಬದಲಾಯಿತು. 2005ರ ಜುಲೈನಲ್ಲಿ 50 ಮೀಟರ್ ಎತ್ತರದ ಒಂದು ಕಂಬ ಕುಸಿಯಿತು, ಎಂಟು ಉಳಿದವು.

ಇವೆಲ್ಲ ಸುಣ್ಣಕಲ್ಲು. ಕೋಟ್ಯಂತರ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಚಿಪ್ಪು, ಮೂಳೆ ಸೇರಿ ಆದದ್ದು. ಮೆತ್ತಗಿನ ಕಲ್ಲು. ಅಲೆ ಮೊದಲು ಗುಹೆ ಕೊರೆಯುತ್ತದೆ. ಎರಡೂ ಕಡೆಯಿಂದ ಕೊರೆದರೆ ಕಮಾನು. ಕಮಾನಿನ ನೆತ್ತಿ ಬಿದ್ದರೆ ಕಂಬ. ಕಂಬದ ಬುಡ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ಸವೆಯುತ್ತದೆ. ಪೋರ್ಟ್ ಕ್ಯಾಂಬೆಲ್ ಆಚೆ ಇರುವ ಲಂಡನ್ ಬ್ರಿಡ್ಜ್‌ನಲ್ಲಿ ಇದು ಜನರ ಕಣ್ಣೆದುರೇ ಆಯಿತು. 1990ರ ಜನವರಿಯಲ್ಲಿ ದಡಕ್ಕೆ ಅಂಟಿಕೊಂಡಿದ್ದ ಕಮಾನು ಬಿತ್ತು. ಇಬ್ಬರು ಪ್ರವಾಸಿಗರು ಆಚೆ ಉಳಿದ ತುಂಡಿನ ಮೇಲೆ ಸಿಕ್ಕಿಕೊಂಡರು, ಹೆಲಿಕಾಪ್ಟರ್ ಬಂದು ಕರೆದೊಯ್ದಿತು. ಬೇಲಿ ದಾಟಿ ಸೆಲ್ಫಿ ತೆಗೆಯುವವರು ಇದನ್ನು ಒಮ್ಮೆ ನೆನೆಸಿಕೊಳ್ಳಲಿ.

ಗಿಬ್ಸನ್ ಸ್ಟೆಪ್ಸ್‌ನಲ್ಲಿ 86 ಮೆಟ್ಟಿಲು ಇಳಿದರೆ ಬಂಡೆಯ ಬುಡಕ್ಕೇ ಹೋಗಬಹುದು. ಅಲೆ ಜೋರಿದ್ದರೆ ಇಳಿಯಬೇಡಿ.

ಮೋಡದ_ಮರೆ

ಫೋಟೋ ಆಸೆ ಇರುವವರಿಗೆ: ಅಪಾಸಲ್ಸ್ ಕಟ್ಟೆಯಿಂದ ಹೆಚ್ಚಿನ ಕಂಬಗಳು ಪಶ್ಚಿಮಕ್ಕೆ ಕಾಣುತ್ತವೆ. ಸಂಜೆ ಹೋದರೆ ಅವುಗಳ ಹಿಂದೆ ಸೂರ್ಯ, ಕಪ್ಪು ನೆರಳು. ಬೆಳಗ್ಗೆ ಹೋದರೆ ಬೆಳಕು ನೇರ ಅವುಗಳ ಮೇಲೆ ಬಿದ್ದು ಕಲ್ಲು ಹೊಂಬಣ್ಣ ಆಗುತ್ತದೆ. ಎರಡೂ ಬೇಕು ಅಂದರೆ ರಾತ್ರಿ ಪೋರ್ಟ್ ಕ್ಯಾಂಬೆಲ್‌ನಲ್ಲಿ ಇರಬೇಕು, ಅಲ್ಲಿಂದ ಹತ್ತು ಹದಿನೈದು ನಿಮಿಷ. ಸೂರ್ಯ ಮುಳುಗಿದ ಮೇಲೂ ಸ್ವಲ್ಪ ಹೊತ್ತು ನಿಲ್ಲಿ, ಪುಟ್ಟ ಪೆಂಗ್ವಿನ್‌ಗಳು ದಡಕ್ಕೆ ಬರುತ್ತವೆ. ದುರ್ಬೀನು ಬೇಕಾಗುತ್ತದೆ. ಡ್ರೋನ್ ಹಾರಿಸುವ ಹಾಗಿಲ್ಲ, ರಾಷ್ಟ್ರೀಯ ಉದ್ಯಾನ.

ಹಳೇ_ನಕ್ಷೆ

ಅಪಾಸಲ್ಸ್‌ಗಿಂತ ನನಗೆ ಲೋಕ್ ಆರ್ಡ್ ಗಾರ್ಜ್ ಜಾಸ್ತಿ ಇಷ್ಟ. ಇಂಗ್ಲೆಂಡ್‌ನಿಂದ ಮೆಲ್ಬರ್ನ್‌ಗೆ ಹೊರಟ ಲೋಕ್ ಆರ್ಡ್ ಹಾಯಿಹಡಗು 1878ರ ಜೂನ್ 1ರ ಬೆಳಗಿನ ಜಾವ, ಮಂಜಿನಲ್ಲಿ, ಇಲ್ಲಿನ ಬಂಡೆಗೆ ಬಡಿಯಿತು. 54 ಮಂದಿಯಲ್ಲಿ 52 ಮಂದಿ ಸತ್ತರು. ಟಾಮ್ ಪಿಯರ್ಸ್ ಅನ್ನುವ ಹಡಗಿನ ಹುಡುಗ ಹೇಗೋ ದಡ ಸೇರಿದ. ನೀರಿನಲ್ಲಿ ಕೂಗು ಕೇಳಿ ಮತ್ತೆ ಈಜಿ ಹೋಗಿ ಇವಾ ಕಾರ್ಮೈಕಲ್ ಅನ್ನುವ ಹುಡುಗಿಯನ್ನು ಎಳೆದು ತಂದ. ಅವಳನ್ನು ಗುಹೆಯಲ್ಲಿ ಮಲಗಿಸಿ, ಬಂಡೆ ಹತ್ತಿ ಜನರನ್ನು ಕರೆತಂದ. ಅವಳ ಜೊತೆ ಅದೇ ಹಡಗಿನಲ್ಲಿದ್ದ ಮನೆಯವರೆಲ್ಲ ಸತ್ತುಹೋಗಿದ್ದರು. ಊರಿನ ಪತ್ರಿಕೆಗಳಿಗೆಲ್ಲ ಇಬ್ಬರಿಗೂ ಮದುವೆ ಆಗಲಿ ಅಂತ ಆಸೆ. ಅವಳು ಐರ್ಲೆಂಡ್‌ಗೆ ವಾಪಸ್ ಹೋದಳು, ಅವನು ಸಮುದ್ರಕ್ಕೆ ವಾಪಸ್ ಹೋದ.

2009ರಲ್ಲಿ ಅಲ್ಲಿನ ಒಂದು ಕಮಾನು ಕುಸಿದು ಎರಡು ಕಂಬ ಉಳಿದವು. ಅವಕ್ಕೆ ಟಾಮ್, ಇವಾ ಅಂತಲೇ ಹೆಸರಿಟ್ಟರು. ಹಡಗಿನಲ್ಲಿದ್ದ ಆಳೆತ್ತರದ ಪಿಂಗಾಣಿ ನವಿಲು ಹೆಚ್ಚು ಕಮ್ಮಿ ಹಾಗೇ ದಡಕ್ಕೆ ಬಂದಿತ್ತು. ಈಗ ಅದು ವಾರ್ನಾಂಬೂಲ್‌ನ ಫ್ಲ್ಯಾಗ್‌ಸ್ಟಾಫ್ ಹಿಲ್ ಮ್ಯೂಸಿಯಂನಲ್ಲಿದೆ. 52 ಜೀವ ಉಳಿಯಲಿಲ್ಲ, ಪಿಂಗಾಣಿ ಉಳಿಯಿತು.

ಹಿಂದಿನ_ಸೀಟು

ಇದನ್ನು ಅಪ್ಪನಿಗೆ ಓದಿ ಹೇಳಿದೆ. "ಅಲ್ಲಿ ನಿಲ್ಲಿಸು, ಬೇರೆಲ್ಲಿ ನಿಲ್ಲಿಸದಿದ್ದರೂ ಪರವಾಗಿಲ್ಲ" ಅಂದರು. ತಮ್ಮನಿಗೂ ಹೇಳಿದೆ, "ನಿನ್ನಿಷ್ಟ" ಅಂದ. ಎರಡು ರಾತ್ರಿ ಖಚಿತ. ದಿನ ಯಾವುದಿಡಲಿ? ಮಾರ್ಚ್ ಎರಡನೇ ವಾರ ಅಂದುಕೊಂಡಿದ್ದೇನೆ.

ತೆಂಕಣ_ಗಾಳಿ

ಎರಡನೇ ವಾರ ಅಂದರೆ ಮೊದಲು ಕ್ಯಾಲೆಂಡರ್ ನೋಡಿ. ವಿಕ್ಟೋರಿಯಾದಲ್ಲಿ ಮಾರ್ಚ್‌ನ ಎರಡನೇ ಸೋಮವಾರ ಕಾರ್ಮಿಕರ ದಿನದ ರಜೆ. ಆ ವಾರಾಂತ್ಯ ಅರ್ಧ ಮೆಲ್ಬರ್ನ್ ಲೋರ್ನ್‌ನಲ್ಲಿರುತ್ತದೆ. ಈಸ್ಟರ್‌ನಲ್ಲೂ ಅಷ್ಟೇ, ಜೊತೆಗೆ ಬೆಲ್ಸ್ ಬೀಚ್‌ನಲ್ಲಿ ಸರ್ಫಿಂಗ್ ಪಂದ್ಯ. ರಜೆ ಮುಗಿದ ಮೇಲೆ ಮಂಗಳವಾರ ಹೊರಟು ಗುರುವಾರ ಬನ್ನಿ. ರೂಮೂ ಅಗ್ಗ, ರಸ್ತೆಯೂ ಖಾಲಿ.

ಕಾಳ್ಗಿಚ್ಚಿನ ಕಾಲ ಮಾರ್ಚ್‌ಗೆ ಪೂರ್ತಿ ಮುಗಿದಿರುವುದಿಲ್ಲ. 2015ರ ಕ್ರಿಸ್‌ಮಸ್ ದಿನ ವೈ ರಿವರ್, ಸೆಪರೇಶನ್ ಕ್ರೀಕ್‌ನಲ್ಲಿ 116 ಮನೆ ಸುಟ್ಟುಹೋದವು. ಮಾರನೇ ವರ್ಷ ಮಳೆಗೆ ಅದೇ ಬೆಟ್ಟ ಜಾರಿ ರಸ್ತೆ ಮುಚ್ಚಿತ್ತು. ಹೊರಡುವ ಬೆಳಗ್ಗೆ ವಿಕ್‌ಎಮರ್ಜೆನ್ಸಿ ಆ್ಯಪ್ ಒಮ್ಮೆ ನೋಡಿ. ಓಟ್‌ವೇ ಕಾಡಿನಲ್ಲಿ ಫೋನ್ ಸಿಗ್ನಲ್ ಹೋಗಿ ಬಂದು ಮಾಡುತ್ತದೆ, ನಕ್ಷೆಯನ್ನು ಮೊದಲೇ ಫೋನ್‌ಗೆ ಇಳಿಸಿಕೊಳ್ಳಿ. ಅಪೋಲೋ ಬೇನಲ್ಲಿ ಪೆಟ್ರೋಲ್ ತುಂಬಿಸಿ. ಕತ್ತಲಾಗುವ ಹೊತ್ತಿಗೆ ವಾಲಬಿ, ಕಾಂಗರೂ ರಸ್ತೆಗೆ ಹಾರುತ್ತವೆ. ಅಪಾಸಲ್ಸ್‌ನಲ್ಲಿ ಸೂರ್ಯಾಸ್ತ ನೋಡಿ ಬರುವಾಗ ನಿಧಾನ.

ಸ್ಟೀರಿಂಗ್_ಸುಬ್ಬ

ಬಾಡಿಗೆ ಕರಾರಿನಲ್ಲಿ ಪ್ರಾಣಿ ಡಿಕ್ಕಿಗೆ ವಿಮೆ ಹೇಗೆ ಅಂತ ಓದಿಯೇ ಸಹಿ ಮಾಡಿ. ನಮಗೆ ಕೌಂಟರ್‌ನಲ್ಲಿ "ಎಲ್ಲಾ ಕವರ್ ಆಗುತ್ತೆ" ಅಂದರು, ಸಣ್ಣಕ್ಷರದಲ್ಲಿ ಬೇರೆಯೇ ಇತ್ತು. ಯಾವ ಕಂಪನಿ ಅಂತ ಕೇಳಬೇಡಿ.

ಅರ್ಧ_ಟೀ

ಸರಿಯಪ್ಪ, ಒಪ್ಪಿಕೊಂಡೆ ಅಂತಲ್ಲ, ಆದರೆ ವಯಸ್ಸಾದವರ ಜೊತೆ ಎರಡು ರಾತ್ರಿಯೇ ವಾಸಿ. ಒಂದು ಪ್ರಶ್ನೆ: ಮೂರನೇ ದಿನ ಪೋರ್ಟ್ ಕ್ಯಾಂಬೆಲ್‌ನಿಂದ ನೇರ ವಾಪಸ್ಸಾ, ಅಥವಾ ವಾರ್ನಾಂಬೂಲ್ ನೋಡಿ ಬರಬೇಕಾ? ತಿಮಿಂಗಿಲ ಕಾಣುತ್ತೆ ಅಂತಾರೆ.

ತೆಂಕಣ_ಗಾಳಿ

ತಿಮಿಂಗಿಲ ಮಾರ್ಚ್‌ನಲ್ಲಿ ಇಲ್ಲ. ಮರಿ ಹಾಕಲು ಲೋಗನ್ಸ್ ಬೀಚ್‌ಗೆ ಬರುವುದು ಜೂನ್‌ನಿಂದ ಸೆಪ್ಟೆಂಬರ್. ಆದರೂ ಬೇ ಆಫ್ ಐಲೆಂಡ್ಸ್‌ವರೆಗೆ ಹೋಗಿ, ಅಪಾಸಲ್ಸ್‌ನಷ್ಟೇ ಚೆನ್ನಾಗಿದೆ, ಹತ್ತನೇ ಒಂದು ಭಾಗ ಜನವೂ ಇರುವುದಿಲ್ಲ. ನವಿಲು ನೋಡಬೇಕು ಅಂದರೆ ವಾರ್ನಾಂಬೂಲ್. ಬೇಡ ಅಂದರೆ ಟಿಂಬೂನ್ ಮೇಲೆ ತಿರುಗಿ ಐಸ್‌ಕ್ರೀಮ್ ತಿಂದು ಕೊಲಾಕ್ ಹೆದ್ದಾರಿ ಹಿಡಿಯಿರಿ. ಅಲ್ಲಿಂದ ಮೆಲ್ಬರ್ನ್ ಸುಮಾರು ಮೂರು ಗಂಟೆ, ತಿರುವೇ ಇಲ್ಲ.

ಹಿಂದಿನ_ಸೀಟು

ಅಪ್ಪ ನವಿಲು ಅಂದರು, ಅಮ್ಮ ಐಸ್‌ಕ್ರೀಮ್ ಅಂದರು. ಕ್ಯಾಬಿನ್ ಬುಕ್ ಮಾಡಿ ಬಂದು ಹೇಳುತ್ತೇನೆ.